ಬೋಡು, ಬೇಡ ಮತ್ತು ಒಂದು ಸೌಟು ಸಾಂಬಾರು

ಸಾರು ಕುದಿಯುವ ಹೊತ್ತಿಗೆ ನಾನು ಅಡುಗೆಮನೆಯ ಹತ್ತಿರ ಸುಳಿಯಬಾರದು ಎಂಬುದು ನಮ್ಮ ಮನೆಯ ಕಾನೂನು. ಮಾಡಿದವಳು ಹೆಂಡತಿ. ಕಾರಣವಿಲ್ಲದೆ ಮಾಡಿದ್ದಲ್ಲ. "ಉಪ್ಪು ಸರಿಯಾಗಿದೆಯಾ ನೋಡಿ" ಎಂದು ಅವಳು ಚಮಚದಲ್ಲಿ ಸಾರು ಕೊಟ್ಟರೆ ನಾನು ಅದನ್ನು ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಒಂದು ಗಳಿಗೆ ಗಂಭೀರವಾಗಿ ನಿಂತು, ಬಲಗೈಯನ್ನು ಅಂಗಿಯ ಜೇಬಿಗೆ ಒಯ್ಯುತ್ತೇನೆ. ಪೆನ್ನು ಹುಡುಕಲು.

"ಎಲ್ಲಿ ಹಾಕ್ತೀರಾ ಸೈನು? ನನ್ನ ಹಣೆ ಮೇಲಾ?" ಎನ್ನುತ್ತಾಳೆ ಅವಳು.

ಅವಳು ನಗುವುದರಲ್ಲಿ ತಪ್ಪಿಲ್ಲ. ಮೊನ್ನೆ ಕಲ್ಯಾಣಪುರದಲ್ಲಿ ಪರಿಚಯದವರ ಗೃಹಪ್ರವೇಶಕ್ಕೆ ಹೋಗಿದ್ದಾಗಲೂ ಹೀಗೇ ಆಯಿತು. ಅಡುಗೆಯವರು ಸೌಜನ್ಯಕ್ಕೆ ಒಂದು ಲೋಟದಲ್ಲಿ ಪಾಯಸ ಕೊಟ್ಟರು. ನಾನು ಕುಡಿದು, ಜೇಬಿಗೆ ಕೈ ಹಾಕಿ, ಎದುರಿನವರ ಮುಖ ನೋಡಿ ಕೈಯನ್ನು ಹಾಗೇ ಹೊರಗೆ ತೆಗೆದೆ. ದುಡ್ಡು ಕೊಡಲು ಹೊರಟಿದ್ದೇನೆ ಎಂದು ಅವರು ತಿಳಿದುಕೊಂಡರೋ ಏನೋ, "ಅದೆಲ್ಲ ಬೇಡ ಮಾರಾಯ್ರೆ" ಎಂದು ಬೇಸರದಲ್ಲಿ ಹೇಳಿದರು.

ನಾನು ಸರಕಾರಿ ಶಾಲೆಯ ಮೇಷ್ಟ್ರು. ನಮ್ಮಲ್ಲಿ ಮಕ್ಕಳ ಬಿಸಿಯೂಟಕ್ಕೆ ಒಂದು ನಿಯಮ ಉಂಟು. ಅಡುಗೆ ಆದ ಮೇಲೆ ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ಅದನ್ನು ತಿಂದು ನೋಡಬೇಕು. ನೋಡಿ, ಒಂದು ಪುಸ್ತಕದಲ್ಲಿ ಹೇಗಿದೆ ಎಂದು ಬರೆದು ಸಹಿ ಹಾಕಬೇಕು. ಆ ಪುಸ್ತಕವನ್ನು ನಾವು ರುಚಿ ಪುಸ್ತಕ ಎನ್ನುತ್ತೇವೆ. ಮಕ್ಕಳ ಹೊಟ್ಟೆಗೆ ಹೋಗುವ ಮೊದಲು ದೊಡ್ಡವರೊಬ್ಬರ ಹೊಟ್ಟೆಗೆ ಹೋಗಿ ಏನೂ ಆಗದೆ ಇರಲಿ ಎಂಬುದು ಅದರ ಉದ್ದೇಶ. ಅಂದರೆ ಏನಾದರೂ ಆಗುವುದಿದ್ದರೆ ಮೊದಲು ಮೇಷ್ಟ್ರಿಗೆ ಆಗಲಿ ಎಂದು ಸರಕಾರದ ಅಭಿಪ್ರಾಯ. ನಾನು ಈ ಅಭಿಪ್ರಾಯವನ್ನು ಮನಸಾರೆ ಒಪ್ಪಿದವನು. ಎಷ್ಟೋ ವರ್ಷ ದಿನಕ್ಕೊಂದು ಚಮಚ ಸಾಂಬಾರು ಕುಡಿದು "ರುಚಿ ಚೆನ್ನಾಗಿದೆ" ಎಂದು ಬರೆದು ಸಹಿ ಹಾಕಿದ್ದೇನೆ. ಕೈ ಈಗ ನನ್ನ ಮಾತು ಕೇಳುವುದಿಲ್ಲ.

ಆ ಪುಸ್ತಕದಲ್ಲಿ ನಾನು ಬರೆದ ಮೊದಲ ಮೂರು ದಿನದ ಮಾತು ಮಾತ್ರ ಶುದ್ಧ ಸುಳ್ಳು. ಹೇಳುತ್ತೇನೆ, ಕೇಳಿ.

ನಾನು ತುಮಕೂರು ಕಡೆಯವನು. ಕೆಲಸ ಸಿಕ್ಕಿದ್ದು ಉಡುಪಿ ಜಿಲ್ಲೆಯಲ್ಲಿ, ಎರ್ಮಾಳಿನ ಕಡಲ ಬದಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಕನ್ನಡದಲ್ಲಿ ಎಂ.ಎ. ಮಾಡಿದ್ದೆ. ನನ್ನ ಕನ್ನಡದ ಮೇಲೆ ನನಗೆ ಎಷ್ಟು ಅಭಿಮಾನವಿತ್ತು ಎಂದರೆ, ಶಾಲೆಗೆ ಬಂದ ಮೊದಲ ದಿನವೇ ಒಬ್ಬ ಹುಡುಗ "ಸರ್, ನಿಮಗೆ ಫೋನ್ ಉಂಟು" ಎಂದಾಗ, "ಉಂಟು ಅಲ್ಲ ಮಗೂ, ಇದೆ ಅನ್ನಬೇಕು" ಎಂದು ತಿದ್ದಿದ್ದೆ. ಈಗ ನೋಡಿ, ಎರಡು ಪ್ಯಾರಾ ಹಿಂದೆ ನಾನೇ ಉಂಟು ಎಂದು ಬರೆದಿದ್ದೇನೆ. ತಿದ್ದಲು ಹೋದವನನ್ನು ಈ ಊರು ಸದ್ದಿಲ್ಲದೆ ತಿದ್ದಿತು.

ಅಲ್ಲಿನ ಮಕ್ಕಳಿಗೆ ಮನೆಯಲ್ಲಿ ತುಳು, ಕೆಲವರಿಗೆ ಬ್ಯಾರಿ, ಕೆಲವರಿಗೆ ಕೊಂಕಣಿ. ಕನ್ನಡ ಎನ್ನುವುದು ಶಾಲೆಯ ಸಮವಸ್ತ್ರದ ಹಾಗೆ, ಗೇಟಿನ ಒಳಗೆ ಬರುವಾಗ ಹಾಕಿಕೊಳ್ಳುವುದು. ದೊಡ್ಡ ಕ್ಲಾಸಿನವರು ಅದನ್ನು ಗುಂಡಿ ಹಾಕಿ ಚಂದವಾಗಿ ತೊಡುತ್ತಿದ್ದರು. ಒಂದನೇ ಕ್ಲಾಸಿನವರಿಗೆ ಇನ್ನೂ ಅಳತೆಯೇ ಆಗಿರಲಿಲ್ಲ. ಬಂದ ಎರಡನೆಯ ದಿನ ಒಂದನೇ ಕ್ಲಾಸಿನ ಹುಡುಗನೊಬ್ಬ ನನ್ನ ಪ್ಯಾಂಟು ಜಗ್ಗಿ, "ಸರ್, ಬಡವಾಪುಂಡು" ಎಂದ. ಇಷ್ಟು ಚಿಕ್ಕ ಮಗು, ತಾನು ಬಡವ ಎಂದು ಹೇಳಿಕೊಳ್ಳುವ ಸ್ಥಿತಿ ಬಂತಲ್ಲ! ನಾನು ಮೊಣಕಾಲೂರಿ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟು, "ಬಡತನ ನಾಚಿಕೆಪಡುವಂಥದ್ದಲ್ಲಪ್ಪ, ಚೆನ್ನಾಗಿ ಓದಿದರೆ ಎಲ್ಲ ಸರಿಹೋಗುತ್ತೆ" ಎಂದು ಒಂದು ಪುಟ್ಟ ಭಾಷಣವನ್ನೇ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು ಮತ್ತೆ "ಬಡವಾಪುಂಡು" ಎಂದ. ತುಳುವಿನಲ್ಲಿ ಅದರ ಅರ್ಥ "ಹಸಿವಾಗುತ್ತಿದೆ" ಎಂದು ತಿಳಿಸಿದವರು ಅಡುಗೆಯ ಗಿರಿಜಕ್ಕ. ಆ ದಿನವಿಡೀ ಅವರು ನನ್ನನ್ನು ನೋಡಿದಾಗಲೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಗಿರಿಜಕ್ಕ ಆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು. ಸಣ್ಣ ದೇಹ, ದೊಡ್ಡ ಸ್ವರ. ಬೆಳಿಗ್ಗೆ ಹಾಜರಿ ಆದ ಮೇಲೆ ಪ್ರತಿ ಕ್ಲಾಸಿನಿಂದ ಎಷ್ಟು ಮಕ್ಕಳು ಬಂದಿದ್ದಾರೆ ಎಂಬ ಚೀಟಿ ಅಡುಗೆಕೋಣೆಗೆ ಹೋಗುತ್ತಿತ್ತು. ಆ ಸಂಖ್ಯೆಗೆ ತಕ್ಕಂತೆ ಅವರು ಅಕ್ಕಿ ಅಳೆದು ಹಾಕುತ್ತಿದ್ದರು. ಅಳೆದು ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ. ಬಂದ ಹೊಸದರಲ್ಲಿ ನಾನು, "ಇದು ಯಾರಿಗೆ ಗಿರಿಜಕ್ಕ? ಚೀಟಿಯಲ್ಲಿ ಇಲ್ಲವಲ್ಲ?" ಎಂದು ಕೇಳಿದ್ದೆ.

"ತಡವಾಗಿ ಬರುವ ಮಗುವಿಗೆ ಮಾಷ್ಟ್ರೆ," ಎಂದರು.

"ಯಾರೂ ಬರದಿದ್ದರೆ?"

"ಬಂದವರೇ ಇನ್ನೊಂದು ಸಲ ಕೇಳ್ತಾರೆ. ಮಕ್ಕಳಲ್ವಾ?"

ಇಲ್ಲಿ ನನ್ನ ಬಾಲ್ಯದ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಪೂರ್ತಿ ತಿಳಿಯುವುದಿಲ್ಲ. ನಾನು ಶಾಲೆಗೆ ಹೋಗುವಾಗ ಈ ಬಿಸಿಯೂಟ ಇರಲಿಲ್ಲ. ತಿಂಗಳಿಗೊಮ್ಮೆ ಅಕ್ಕಿ ಕೊಡುತ್ತಿದ್ದರು, ಚೀಲದಲ್ಲಿ ಮನೆಗೆ ಹೊತ್ತುಕೊಂಡು ಹೋಗುವುದು. ಮಧ್ಯಾಹ್ನಕ್ಕೆ ಬುತ್ತಿ. ನನ್ನ ಬುತ್ತಿಯಲ್ಲಿ ಬೆಳಿಗ್ಗೆ ಮಾಡಿದ ತಣ್ಣನೆಯ ಮುದ್ದೆ, ಅದರ ಬದಿಗೆ ಚಟ್ನಿ. ಪಕ್ಕದಲ್ಲಿ ಕೂರುತ್ತಿದ್ದ ಅಂಗಡಿಯವರ ಮಗನ ಡಬ್ಬಿಯಲ್ಲಿ ಚಪಾತಿ, ಪಲ್ಯ. ನಾನು ಡಬ್ಬಿಯ ಮುಚ್ಚಳವನ್ನು ಅವನ ಕಡೆಗೆ ಅಡ್ಡ ಹಿಡಿದು, ಅದರ ಹಿಂದೆ ತಲೆ ತಗ್ಗಿಸಿ, ಬೇಗ ಬೇಗ ನುಂಗುತ್ತಿದ್ದೆ. ಮುದ್ದೆಯನ್ನು ನುಂಗಬೇಕು, ನಿಜ, ಆದರೆ ನಾನು ನುಂಗುತ್ತಿದ್ದ ವೇಗಕ್ಕೆ ಕಾರಣ ಬೇರೆಯಿತ್ತು. ನನ್ನಂತೆ ಮುಚ್ಚಳ ಅಡ್ಡ ಹಿಡಿದವರು ಕ್ಲಾಸಿನಲ್ಲಿ ಇನ್ನೂ ನಾಲ್ಕೈದು ಜನರಿದ್ದರು. ಒಬ್ಬರ ಊಟ ಒಬ್ಬರಿಗೆ ಕಾಣಿಸದಂತೆ ವರ್ಷಗಟ್ಟಲೆ ಒಟ್ಟಿಗೆ ಊಟ ಮಾಡಿದೆವು.

ಆದ್ದರಿಂದ ಎರ್ಮಾಳಿನ ಶಾಲೆಯ ಜಗಲಿಯಲ್ಲಿ ಮೊದಲ ಮಧ್ಯಾಹ್ನ ಮಕ್ಕಳು ಸಾಲಾಗಿ ಕುಳಿತದ್ದನ್ನು ಕಂಡಾಗ ನಾನು ನೋಡುತ್ತಾ ನಿಂತೆ. ಕೈ ತೊಳೆದು ಬಂದರು, ಸ್ಟೀಲಿನ ಬಟ್ಟಲು ಎದುರಿಗಿಟ್ಟುಕೊಂಡರು, ಕೈ ಮುಗಿದರು. ಬೋಟಿನಲ್ಲಿ ಕೆಲಸ ಮಾಡುವವರ ಮಗಳು, ಅಪ್ಪ ದುಬೈಯಲ್ಲಿರುವ ಬ್ಯಾರಿ ಮನೆಯ ಹುಡುಗ, ಗದ್ದೆ ಇರುವವರ ಮಕ್ಕಳು, ರಸ್ತೆ ಕೆಲಸಕ್ಕೆಂದು ಗದಗದಿಂದ ಬಂದವರ ಮಕ್ಕಳು. ಎಲ್ಲರ ಬಟ್ಟಲಿಗೂ ಒಂದೇ ಪಾತ್ರೆಯ ಅನ್ನ. ಒಂದೇ ಒಂದು ಮುಚ್ಚಳ ಇರಲಿಲ್ಲ ಅಲ್ಲಿ! ಸರಕಾರದ ಯೋಜನೆಗಳ ಬಗ್ಗೆ ಗೊಣಗುವುದು ನನಗೂ ಇಷ್ಟವೇ, ಅದು ನಮ್ಮ ವೃತ್ತಿಯ ಹಕ್ಕು. ಆದರೆ ಈ ಒಂದನ್ನು ಯೋಚಿಸಿದವರು ಯಾರೇ ಆಗಿರಲಿ, ಅವರ ಮನೆ ತಣ್ಣಗಿರಲಿ ಎಂದು ಅಂದೂ ಅಂದುಕೊಂಡೆ, ಇಂದೂ ಅಂದುಕೊಳ್ಳುತ್ತೇನೆ.

ಆ ಅನ್ನ ಬೆಳ್ತಿಗೆ ಅನ್ನ, ಬಿಳಿಯದು. ಮನೆಯಲ್ಲಿ ದಪ್ಪ ಕುಚ್ಚಲಕ್ಕಿ ತಿನ್ನುವ ಆ ಮಕ್ಕಳಿಗೆ ಬಿಳಿ ಅನ್ನ ಎಂದರೆ ಮದುವೆ ಊಟ. ಹೊಸದಾಗಿ ಸೇರಿದ ಮಕ್ಕಳು ಮನೆಗೆ ಹೋಗಿ "ಇವತ್ತೂ ಶಾಲೆಯಲ್ಲಿ ಮದುವೆ ಇತ್ತು" ಎಂದು ಹೇಳುತ್ತಿದ್ದರಂತೆ.

ನಾನು ಸೇರಿದ ವಾರದಲ್ಲೇ ಗಿರಿಜಕ್ಕನ ಸಹಾಯಕಿ ಮಗಳ ಬಾಣಂತನಕ್ಕೆ ರಜೆ ಹಾಕಿದರು. ಗಿರಿಜಕ್ಕ ಅನ್ನ ಬಡಿಸುವುದು, ಹಿಂದೆಯೇ ನಾನು ಬಕೆಟ್ಟು ಹಿಡಿದು ಸಾಂಬಾರು ಬಡಿಸುವುದು ಎಂದಾಯಿತು. ಬಡಿಸುವುದರಲ್ಲೂ ನಾನು ಒಂದು ಸಿದ್ಧಾಂತ ಇಟ್ಟುಕೊಂಡಿದ್ದೆ. ಮಕ್ಕಳಿಗೆ ಬಲವಂತ ಮಾಡಬಾರದು, ಅನ್ನ ಚೆಲ್ಲಬಾರದು, ಕೇಳಿಯೇ ಬಡಿಸಬೇಕು. ಪ್ರತಿ ಬಟ್ಟಲಿನ ಎದುರು ಬಾಗಿ, ಸ್ಪಷ್ಟವಾಗಿ, "ಬೇಕಾ, ಬೇಡವಾ?" ಎಂದು ಕೇಳುತ್ತಿದ್ದೆ. ದೊಡ್ಡವರು "ಬೇಕು ಸರ್" ಎನ್ನುತ್ತಿದ್ದರು. ಚಿಕ್ಕವರು ಬಟ್ಟಲನ್ನೇ ಎತ್ತಿ ಬಕೆಟ್ಟಿನ ಒಳಗೆ ಹಿಡಿಯುತ್ತಿದ್ದರು, ಅಲ್ಲಿ ಭಾಷೆಯ ಅಗತ್ಯವೇ ಇರಲಿಲ್ಲ. ಕೆಲವರು ಒಂದು ಸೌಟು ಹಾಕಿದ ಮೇಲೆ "ಯಾವು, ಯಾವು" ಎನ್ನುತ್ತಿದ್ದರು. ಯಾವುದು ಎಂದು ಕೇಳುತ್ತಿದ್ದಾರೆ, ಪಾಪ, ಕನ್ನಡ ಪೂರ್ತಿ ಬರುವುದಿಲ್ಲ ಎಂದು ನಾನು, "ಇದು ಸಾಂಬಾರು ಕಂದ, ಸಾಂಬಾರು" ಎಂದು ವಿವರಿಸಿ ಇನ್ನೊಂದು ಸೌಟು ಹಾಕುತ್ತಿದ್ದೆ.

ಒಂದನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ನಿಶ್ಮಿತಾ ಎಂಬ ಹುಡುಗಿ ಕೂರುತ್ತಿದ್ದಳು. ಎರಡು ಜಡೆ, ಬಿಗಿಯಾಗಿ ಎಣ್ಣೆ ಹಾಕಿ ಬಾಚಿದ ತಲೆ. ಬಟ್ಟಲು ಎತ್ತುವವಳಲ್ಲ, ಗಲಾಟೆ ಮಾಡುವವಳಲ್ಲ. ನಾನು ಬಾಗಿ ಕೇಳಿದರೆ ನೆಲ ನೋಡುತ್ತಾ ಮೆಲ್ಲಗೆ ಉತ್ತರ ಹೇಳುತ್ತಿದ್ದಳು. ನನ್ನ ಕಿವಿಗೆ ಅದು ಬೇಡ ಎಂದೇ ಕೇಳಿಸುತ್ತಿತ್ತು. ನಾನು ಮುಂದೆ ಹೋಗುತ್ತಿದ್ದೆ. ಮೂರು ದಿನ ಕೇಳಿದೆ, ಮೂರು ದಿನ ಅದೇ ಉತ್ತರ. ಖಾರ ತಿನ್ನದ ಮಗು ಇರಬೇಕು ಎಂದುಕೊಂಡೆ. ಮೂರನೆಯ ದಿನ ಅವಳು ಇನ್ನೂ ಸ್ವಲ್ಪ ಜೋರಾಗಿ, ನನ್ನ ಮುಖ ನೋಡಿ ಹೇಳಿದಳು. ಎಷ್ಟು ಖಚಿತವಾದ ಅಭಿಪ್ರಾಯ ಈ ಮಗುವಿನದು ಎಂದು ನಾನು ಮೆಚ್ಚಿಕೊಂಡೆ.

ನಾಲ್ಕನೆಯ ದಿನ ಅವಳು ಬರಲಿಲ್ಲ. ಐದನೆಯ ದಿನವೂ ಇಲ್ಲ. ಒಂದನೇ ಕ್ಲಾಸಿನ ಚೀಟಿಯಲ್ಲಿ ಒಂದು ಕಡಿಮೆಯಾದದ್ದನ್ನು ಮೊದಲು ಕಂಡವರು ಕ್ಲಾಸಿನ ಟೀಚರಲ್ಲ, ಗಿರಿಜಕ್ಕ. ಆ ದಿನ ಹೆಚ್ಚಿನ ಒಂದು ಹಿಡಿ ಅಕ್ಕಿ ಹಾಕುವಾಗ, "ಇದು ಅದರದ್ದು, ಜಡೆಯದ್ದು" ಎಂದರು. ಊಟ ಮುಗಿದು ಪಾತ್ರೆ ತೊಳೆದ ಮೇಲೂ ಆ ಒಂದು ಹಿಡಿಯ ಅನ್ನ ಮುಚ್ಚಿಯೇ ಇತ್ತು.

"ಜ್ವರ ಆದರೆ ಹೇಳಿ ಕಳಿಸ್ತಾರೆ ಅವರು. ಇದು ಬೇರೆ ಎಂತದೋ ಉಂಟು," ಎಂದರು ಗಿರಿಜಕ್ಕ. "ನಮ್ಮ ಮನೆಯ ದಾರಿಯಲ್ಲೇ ಅವರದ್ದು. ನೀವೂ ಬನ್ನಿ ಮಾಷ್ಟ್ರೆ, ಹೊಸಬರು ಬಂದ್ರೆ ಅವರಿಗೂ ಖುಷಿ."

ಸಂಜೆ ಶಾಲೆ ಬಿಟ್ಟ ಮೇಲೆ ಹೋದೆವು. ಚಪ್ಪಲಿಗೆ ಮರಳು ತುಂಬುವ ಹೊಯಿಗೆಯ ದಾರಿ, ತೆಂಗಿನ ಮರಗಳ ನಡುವೆ ಹೆಂಚಿನ ಮನೆ, ಅಂಗಳದ ಬದಿಯಲ್ಲಿ ಒಂದು ದೊಡ್ಡ ಬಸಳೆ ಚಪ್ಪರ. ನಿಶ್ಮಿತಾಳ ತಾಯಿ ಮೀನು ಮಾರಲು ಕಾಪುವಿಗೆ ಹೋದವರು ಇನ್ನೂ ಬಂದಿರಲಿಲ್ಲ. ಬೆಳಗಾಗುವ ಮೊದಲೇ ಹೊರಡುವ ತಾಯಿ, ತಿಂಡಿಗೆ ಏನು ಸಿಕ್ಕಿತೋ ಅದು. ಶಾಲೆಯ ಊಟವೇ ಆ ಮಗುವಿಗೆ ದಿನದ ದೊಡ್ಡ ಊಟ. ಇದನ್ನು ಗಿರಿಜಕ್ಕ ದಾರಿಯಲ್ಲೇ ಹೇಳಿದ್ದರು. ಮನೆಯಲ್ಲಿ ಅಜ್ಜಿ ಇದ್ದರು. ನನ್ನನ್ನು ಕಂಡು ಅವರಿಗೇನೂ ಖುಷಿಯಾಗಲಿಲ್ಲ. ತುಳುವಿನಲ್ಲಿ ಒಂದೇ ಉಸಿರಿಗೆ ಏನೋ ಹೇಳಿದರು. ಗಿರಿಜಕ್ಕನ ಮುಖ ಗಂಭೀರವಾಯಿತು.

"ಎಂತ ಹೇಳಿದ್ರು?" ಎಂದೆ. ಎಂತ ಎನ್ನುವುದು ಅಷ್ಟರಲ್ಲೇ ನನ್ನ ಬಾಯಿಗೂ ಬಂದಿತ್ತು.

"ಅಜ್ಜಿ ಕೇಳ್ತಾರೆ, ನಮ್ಮ ಮಗು ಎಂತ ತಪ್ಪು ಮಾಡಿದೆ? ಶಾಲೆಯ ಮದುವೆಯಲ್ಲಿ ಎಲ್ಲರಿಗೂ ಸಾಂಬಾರು ಬಡಿಸ್ತಾರೆ, ಅದಕ್ಕೆ ಮಾತ್ರ ಯಾಕೆ ಬರೀ ಅನ್ನ? ಮೂರು ದಿನ ಕೇಳಿದ್ರೂ ಮಾಷ್ಟ್ರು ಕೊಡ್ಲಿಲ್ಲಂತೆ. ಇನ್ನು ಹೋಗುದಿಲ್ಲ ಅಂತ ಹಟ ಮಾಡ್ತಾ ಉಂಟಂತೆ."

ನನಗೆ ಸಿಟ್ಟು ಬಂತು, ಒಪ್ಪಿಕೊಳ್ಳುತ್ತೇನೆ. "ನಾನು ದಿನಾ ಕೇಳಿದ್ದೇನೆ ಗಿರಿಜಕ್ಕ! ಬೇಕಾ ಬೇಡವಾ ಅಂತ. ಅವಳೇ ಬೇಡ ಅಂದಳು."

"ಎಂತ ಹೇಳಿತು ಅದು? ಸರಿ ನೆನಪು ಮಾಡಿ."

"ಬೇಡ ಅಂತ... ಬೇಡು, ಬೋಡು, ಹಾಗೇ ಏನೋ."

ಗಿರಿಜಕ್ಕ ತಲೆಗೆ ಕೈ ಹೊತ್ತರು. "ಅಯ್ಯೋ ಮಾರಾಯ್ರೆ! ಬೋಡು ಅಂದ್ರೆ ಬೇಕು ಅಂತ! ನಮ್ಮ ತುಳುವಿನಲ್ಲಿ ಬೇಕು ಅಂತ!"

ಗಿರಿಜಕ್ಕನಿಗೆ ಇನ್ನೊಂದು ಹೊಳೆಯಿತು. "ಯಾವು ಅಂದ್ರೆ ಎಂತ ಮಾಡ್ತೀರಿ ನೀವು?"

"ಯಾವುದು ಅಂತ ಕೇಳ್ತಾರಲ್ಲ, ಸಾಂಬಾರು ಅಂತ ಹೇಳಿ ಹಾಕ್ತೇನೆ."

"ಯಾವು ಅಂದ್ರೆ ಸಾಕು! ಅದಕ್ಕೇ ಎರಡನೇ ಕ್ಲಾಸಿನ ಮಕ್ಕಳ ಬಟ್ಟಲಲ್ಲಿ ದಿನಾ ಕಡಲು!"

ಸಾಕು ಎಂದವರಿಗೆ ಸುರಿದಿದ್ದೆ, ಬೇಕು ಎಂದವಳನ್ನು ದಾಟಿ ಹೋಗಿದ್ದೆ, ಆಮೇಲೆ ಅವಳ ಖಚಿತವಾದ ಅಭಿಪ್ರಾಯವನ್ನು ಮೆಚ್ಚಿಕೊಂಡಿದ್ದೆ. ಆ ಮೂರು ದಿನವೂ ರುಚಿ ಪುಸ್ತಕದಲ್ಲಿ "ಸಾಂಬಾರು ಚೆನ್ನಾಗಿದೆ" ಎಂದು ಬರೆದು ಸಹಿ ಹಾಕಿದವನು ನಾನೇ. ನನ್ನ ನಾಲಿಗೆಗೆ ಚೆನ್ನಾಗಿಯೇ ಇತ್ತು, ನಾನು ಕುಡಿದಿದ್ದೆನಲ್ಲ; ಅವಳ ಬಟ್ಟಲಿನ ಮಟ್ಟಿಗೆ ಅದು ಶುದ್ಧ ಸುಳ್ಳು. ಮುಚ್ಚಳದ ಹಿಂದೆ ಕುಳಿತು ಉಂಡವನು, ಮುಚ್ಚಳವೇ ಇಲ್ಲದ ಸಾಲಿನಲ್ಲಿ ಒಂದು ಮಗುವನ್ನು ಬೇರೆ ಮಾಡಿ ಕೂರಿಸಿದ್ದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ನಿಶ್ಮಿತಾ ಬಾಗಿಲ ಮರೆಯಿಂದ ಒಂದು ಕಣ್ಣು ಮಾತ್ರ ತೋರಿಸಿ ನೋಡುತ್ತಿದ್ದಳು. ನಾನು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕುಳಿತೆ. ಎಡಗೈಯಲ್ಲಿ ಇಲ್ಲದ ಬಕೆಟ್ಟು, ಬಲಗೈಯಲ್ಲಿ ಇಲ್ಲದ ಸೌಟು ಹಿಡಿದು, ಗಿರಿಜಕ್ಕ ಕಿವಿಯಲ್ಲಿ ಹೇಳಿಕೊಟ್ಟಂತೆ, "ಬೋಡಾ?" ಎಂದೆ.

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೇರೆ ಕಡೆ ನೋಡಿದರು.

"ಬೋಡಾ?" ಎಂದು ಮತ್ತೆ ಕೇಳಿದೆ. ಎಂ.ಎ. ಓದುವಾಗ ಯಾವ ಪ್ರಶ್ನೆಯನ್ನೂ ಇಷ್ಟು ಹೆದರಿಕೊಂಡು ಕೇಳಿರಲಿಲ್ಲ.

ಎರಡೂ ಕಣ್ಣು ಹೊರಗೆ ಬಂದವು. ಆಮೇಲೆ ಒಂದು ಜಡೆ. "ಬೋಡು," ಎಂದಳು. ನಾನು ಇಲ್ಲದ ಬಕೆಟ್ಟಿನಿಂದ ಇಲ್ಲದ ಸಾಂಬಾರನ್ನು ಸೌಟಿನ ಮೇಲೆ ಸೌಟು ಸುರಿದೆ. ಅವಳು ನಕ್ಕು, "ಯಾವು, ಯಾವು!" ಎಂದು ಕೂಗಿದಳು. ಈ ಸಲ ಅರ್ಥವಾಯಿತು. ನಿಲ್ಲಿಸಿದೆ.

ಮರುದಿನ ಸಾಲಿನ ಕೊನೆಯಲ್ಲಿ ಎರಡು ಜಡೆ ಇದ್ದವು. ನಾನು ಬಕೆಟ್ಟು ಹಿಡಿದು "ಬೋಡಾ?" ಎಂದರೆ ಇಡೀ ಜಗಲಿ "ಬೋಡು!" ಎಂದು ಕೂಗಿತು. ಊಟದ ಮೇಲೆ ರುಚಿ ಪುಸ್ತಕ ತೆರೆದು, ಬಡಿಸುವ ಮೊದಲು ಬರೆದ "ಚೆನ್ನಾಗಿದೆ" ಎಂಬುದರ ಕೆಳಗೆ "ಎಲ್ಲರಿಗೂ ಸಿಕ್ಕಿದೆ" ಎಂದು ಸೇರಿಸಿದೆ. ಹೆಡ್ ಟೀಚರ್ ನೋಡಿ, "ಇದು ಬರೀಬೇಕು ಅಂತ ಇಲ್ಲ ಅಲ್ವಾ ಸರ್?" ಎಂದರು. ಇಲ್ಲ ಎಂದೆ. ಅವರು ಇನ್ನೊಂದು ಸಲ ಓದಿ ಪುಸ್ತಕವನ್ನು ಹಾಗೇ ಮುಚ್ಚಿದರು. ಅಂದಿನಿಂದ ದಿನಾ ಬರೆದೆ, ಸಾಲನ್ನು ಒಂದು ಸುತ್ತು ನೋಡಿ ಬಂದ ಮೇಲೆ.

ಅಜ್ಜಿಯ ಸಿಟ್ಟು ಇಳಿದದ್ದು ಅದರ ಮರುವಾರ. ಒಂದು ಬೆಳಿಗ್ಗೆ ಬುಟ್ಟಿ ತುಂಬ ಬಂಗುಡೆ ಮೀನು ತಂದು ಅಡುಗೆಕೋಣೆಯ ಎದುರು ಇಳಿಸಿದರು. ಮಕ್ಕಳ ಊಟಕ್ಕೆ, ಉಚಿತ! ಹೆಡ್ ಟೀಚರ್ ಕಂಗಾಲಾದರು. ಬಿಸಿಯೂಟದಲ್ಲಿ ಮೀನು ಇಲ್ಲ ಎಂದು ಅಜ್ಜಿಗೆ ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. "ಕಡಲ ಬದಿಯ ಶಾಲೆಯಲ್ಲಿ ಮೀನಿಲ್ಲದ ಮದುವೆಯಾ?" ಎಂದು ಗೊಣಗುತ್ತಾ ಬುಟ್ಟಿ ಹೊತ್ತು ಹೋದವರು ಮರುದಿನ ಬಂದರು, ಒಂದು ಹೊರೆ ಬಸಳೆಯೊಂದಿಗೆ. ಗಿರಿಜಕ್ಕ ತೆಂಗಿನಕಾಯಿ ಅರೆದು ಹಾಕಿ ಬಸಳೆ ಸಾಂಬಾರು ಮಾಡಿದರು. ಊರಿನವರು ಹೀಗೆ ಕೊಡುವುದು ಅಲ್ಲಿ ಹೊಸದೇನಲ್ಲ. ಒಬ್ಬರ ಮನೆಯ ತೆಂಗಿನಕಾಯಿ, ಇನ್ನೊಬ್ಬರ ನುಗ್ಗೆ, ದುಬೈಯಿಂದ ರಜೆಯಲ್ಲಿ ಬಂದ ಅಪ್ಪನ ಲೆಕ್ಕದಲ್ಲಿ ಒಂದು ದಿನ ಪಾಯಸ. ಸರಕಾರದ ಅಕ್ಕಿ, ಬೇಳೆಗೆ ಊರಿನ ಹಿತ್ತಿಲು ಸೇರಿ ಆ ಊಟ ಆಗುತ್ತಿತ್ತು.

ನಾನೂ ನನ್ನ ಪಾಲಿನ ಕಾಣಿಕೆ ಸಲ್ಲಿಸಲು ಒಮ್ಮೆ ಹೋದದ್ದುಂಟು. ಶಾಲೆಗೆ ರಾಗಿ ಮಾಲ್ಟ್ ಬಂದಾಗ ನನ್ನ ಎದೆ ಉಬ್ಬಿತು. ರಾಗಿಯ ನಾಡಿನವನು ನಾನು, ಬಿಡಿ ಗಿರಿಜಕ್ಕ, ತೋರಿಸಿಕೊಡ್ತೇನೆ ಎಂದು ಸೌಟು ಕಿತ್ತುಕೊಂಡೆ. ಜೀವಮಾನದಲ್ಲಿ ರಾಗಿ ತಿಂದಿದ್ದೆನೇ ಹೊರತು ಒಲೆಯ ಮುಂದೆ ನಿಂತು ಕದಡಿದವನಲ್ಲ. ಗಂಟು ಗಂಟಾಗಿ, ಕುಡಿಯಲೂ ಬಾರದ ಅಗಿಯಲೂ ಬಾರದ ಒಂದು ಪದಾರ್ಥ ತಯಾರಾಯಿತು. ಆ ದಿನ ರುಚಿ ಪುಸ್ತಕದಲ್ಲಿ ಗಿರಿಜಕ್ಕನೇ ತಮ್ಮ ಗುಂಡು ಅಕ್ಷರದಲ್ಲಿ "ಮಾಷ್ಟ್ರು ಮಾಡಿದ್ದು" ಎಂದು ಬರೆದರು. ಬೇರೆ ವಿವರ ಬೇಕಿರಲಿಲ್ಲ.

ಈಗ ನಾನು ಕಾರ್ಕಳದ ಕಡೆಯ ಶಾಲೆಯೊಂದರಲ್ಲಿದ್ದೇನೆ, ಮನೆ ಮಣಿಪಾಲದಲ್ಲಿ. ರಜೆಯ ದಿನ ಕಿಟಕಿಯಿಂದ ನೋಡಿದರೆ ಎದುರಿನ ಹಾಸ್ಟೆಲಿನ ಗೇಟಿನಲ್ಲಿ ಮಧ್ಯಾಹ್ನ ಊಟ ತಂದುಕೊಡುವ ಬೈಕುಗಳ ಸಾಲು. ದೇಶದ ಎಲ್ಲ ಮೂಲೆಯ ಮಕ್ಕಳು, ಎಲ್ಲ ಮೂಲೆಯ ಊಟ. ಪೊಟ್ಟಣ ತೆಗೆದುಕೊಂಡು ಒಬ್ಬೊಬ್ಬರೇ ಫೋನು ನೋಡುತ್ತಾ ಕೋಣೆಗೆ ಹೋಗುತ್ತಾರೆ. ಪಾಪ, ಅವರಲ್ಲಿ ಯಾರಿಗಾದರೂ "ಬೋಡಾ?" ಎಂದು ಕೇಳುವವರಿದ್ದಾರೋ ಇಲ್ಲವೋ ಎಂದು ನನಗೆ ಸಂಕಟವಾಗುತ್ತದೆ.

ಎರ್ಮಾಳು ಬಿಟ್ಟ ದಿನ ನೆನಪಾಗುವುದು ಆಗಲೇ. ಮಕ್ಕಳ ಸಂಖ್ಯೆ ಇಳಿದು ನಾನು ಹೆಚ್ಚುವರಿ ಶಿಕ್ಷಕನಾಗಿ ವರ್ಗವಾಗಿದ್ದೆ. ಕೊನೆಯ ಮಧ್ಯಾಹ್ನ ಗಿರಿಜಕ್ಕ ನನ್ನನ್ನು ಬಕೆಟ್ಟು ಮುಟ್ಟಲು ಬಿಡಲಿಲ್ಲ. ಒಂದನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ಬಟ್ಟಲು ಇಟ್ಟು ಕೂರಿಸಿದರು. ಅಂದು ಅಜ್ಜಿಯ ಚಪ್ಪರದ ಬಸಳೆ. ಅನ್ನ ಬಂತು. ಅನ್ನದ ಹಿಂದೆ ಸಾಂಬಾರಿನ ಬಕೆಟ್ಟು ಹಿಡಿದು ಏಳನೇ ಕ್ಲಾಸಿನ ಹುಡುಗಿ ಬಂದಳು. ಎರಡು ಜಡೆ, ನನ್ನ ಹೆಗಲಿನವರೆಗೆ ಎತ್ತರ. ನಿಶ್ಮಿತಾಳಿಗೆ ಆ ಮೂರು ದಿನ ನೆನಪಿರಲು ಸಾಧ್ಯವಿಲ್ಲ ಎನ್ನಬೇಡಿ. ಪ್ರತಿ ವರ್ಷ ಹೊಸದಾಗಿ ಬಂದ ಮಕ್ಕಳಿಗೆ ಗಿರಿಜಕ್ಕ ಆ ಕಥೆಯನ್ನು ಅಭಿನಯ ಸಹಿತ ಹೇಳುತ್ತಿದ್ದರು.

ಅವಳು ನನ್ನ ಬಟ್ಟಲಿನ ಎದುರು ಬಾಗಿ, ಅಪ್ಪಟ ತುಮಕೂರಿನ ರಾಗದಲ್ಲಿ, "ಬೇಕಾ, ಬೇಡವಾ?" ಎಂದಳು.

"ಬೋಡು," ಎಂದೆ.

ಒಂದು ಸೌಟು ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬರುವುದನ್ನು ಕಂಡು ಬಟ್ಟಲಿಗೆ ಕೈ ಅಡ್ಡ ಹಿಡಿದು, "ಯಾವು ನಿಶ್ಮಿತಾ, ಯಾವು!" ಎಂದೆ.

ಅವಳು ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಯಾವುದು ಸರ್?" ಎಂದಳು. "ಇದು ಸಾಂಬಾರು, ಸಾಂಬಾರು."

ನನ್ನ ಬೆರಳುಗಳ ಸಂದಿಯಿಂದಲೇ ಸುರಿದಳು. ಜಗಲಿ ಬಿದ್ದು ಬಿದ್ದು ನಕ್ಕಿತು. ಅಡುಗೆಕೋಣೆಯ ಬಾಗಿಲಿನಿಂದ ಗಿರಿಜಕ್ಕ, "ಚೆಲ್ಲಲಿಕ್ಕಿಲ್ಲ ಮಾಷ್ಟ್ರೆ, ರೂಲ್ಸ್ ಉಂಟು!" ಎಂದು ಕೂಗಿದರು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಒಂದು ಅಗುಳೂ ಬಿಡದೆ ಉಂಡೆ. ಎಲ್ಲರೂ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಕೈ ತೊಳೆದು ಬಂದು ರುಚಿ ಪುಸ್ತಕ ತೆರೆದೆ. ದಿನದಂತೆ "ಎಲ್ಲರಿಗೂ ಸಿಕ್ಕಿದೆ" ಎಂದು ಬರೆದೆ. ಅದರ ಕೆಳಗೆ "ನನಗೂ" ಎಂದು ಸೇರಿಸಿ ಸಹಿ ಹಾಕಿದೆ.